ಶೀರ್ಷಿಕೆಗೂ ಒಂದು ವಿಳಾಸ

ಕಾವ್ಯವನ್ನಾಗಲಿ ಕಾದಂಬರಿಯನ್ನಾಗಲಿ ಕೈಗೆತ್ತಿಕೊಂಡವನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಸಂಕಲ್ಪದಿಂದ ಪ್ರಾರಂಭಿಸುತ್ತಾನೆ; ತಂತ್ರಾಂಶದ ಕೈಪಿಡಿಯನ್ನು ತೆರೆಯುವವನಿಗಾದರೋ ಅಂಥ ಸಂಕಲ್ಪವೂ ಇಲ್ಲ, ಅದಕ್ಕೆ ಬೇಕಾದ ವ್ಯವಧಾನವೂ ಇಲ್ಲ. ಒಂದು ಆಜ್ಞೆಯ ಅರ್ಥವೇನು, ಒಂದು ಸೆಟ್ಟಿಂಗನ್ನು ಬದಲಾಯಿಸಿದರೆ ಪರಿಣಾಮವೇನು, ನೆಟ್ಟಗೆ ನಡೆಯುತ್ತಿದ್ದ ಕೆಲಸ ಇದ್ದಕ್ಕಿದ್ದಂತೆ ನಿಂತು ಪರದೆಯ ಮೇಲೆ ಮೂಡಿದ ಈ ಎಚ್ಚರಿಕೆಗೆ ಕಾರಣವೇನು—ಇಷ್ಟೇ ಅವನ ಜಿಜ್ಞಾಸೆ. ಅದಕ್ಕೆ ಸಮಾಧಾನ ಹೇಳತಕ್ಕ ನಾಲ್ಕು ವಾಕ್ಯಗಳು ಕೈಪಿಡಿಯ ಯಾವುದೋ ಒಂದು ಪುಟದ ಯಾವುದೋ ಒಂದು ಉಪಶೀರ್ಷಿಕೆಯ ಕೆಳಗೆ ಇದ್ದೇ ಇರುತ್ತವೆ. ಅವು ಎಲ್ಲಿವೆಯೆಂಬುದನ್ನು ಬಲ್ಲ ಹಿರಿಯನೊಬ್ಬನು ಅದೇ ಕಚೇರಿಯಲ್ಲಿಯೋ ಸಾವಿರಾರು ಮೈಲಿಗಳಾಚೆಗೋ ಇರುತ್ತಾನೆ. ಆದರೆ ಆ ಉಪಶೀರ್ಷಿಕೆಗೆ ಸ್ವಂತದ್ದೆಂಬ ವಿಳಾಸವಿಲ್ಲದಿದ್ದರೆ, ಆ ಹಿರಿಯನು ಪುಟದ ವಿಳಾಸವನ್ನು ಮಾತ್ರ ಕಳುಹಿಸಿ, ಅರ್ಧಕ್ಕಿಂತ ಸ್ವಲ್ಪ ಕೆಳಗೆ, ಎರಡನೆಯ ಕೋಷ್ಟಕವಾದ ಮೇಲೆ ನೋಡಿ ಎಂದು ಬಾಯಿಮಾತಿನ ದಾರಿಯನ್ನು ಅದಕ್ಕೆ ಜೋಡಿಸಬೇಕಾಗುತ್ತದೆ. ಗಿಟ್ ತಂತ್ರಾಂಶದ ಸೆಟ್ಟಿಂಗುಗಳನ್ನು ವಿವರಿಸುವ ಒಂದೇ ಒಂದು ಪುಟದಲ್ಲಿ ನೂರಾರು ನಮೂದುಗಳಿವೆ. ಅಂಥ ಪುಟದ ತಲೆಬಾಗಿಲಿಗೆ ಓದುಗನನ್ನು ಕರೆತಂದು ಬಿಡುವುದೆಂದರೆ, ಊರಿನ ಹೆಸರು ಹೇಳಿ ಮನೆಯ ಗುರುತು ಹೇಳದೆ ನೆಂಟನನ್ನು ಬಸ್ಸು ಹತ್ತಿಸಿದಂತೆ.

ಆದುದರಿಂದ, ಜಾಲದಲ್ಲಿ ಪ್ರಕಟವಾಗುವ ಕೈಪಿಡಿಗಳಲ್ಲಿ ಪ್ರತಿಯೊಂದು ಶೀರ್ಷಿಕೆಗೂ ಸ್ಥಿರವಾದ ಒಂದು ಹೆಸರಿರಬೇಕು. ಆ ಹೆಸರಿನ ಕೊಂಡಿ ಓದುಗನ ಕಣ್ಣಿಗೆ ಬೀಳುವಂತೆ, ಕೈಗೆ ಸಿಗುವಂತೆ ಶೀರ್ಷಿಕೆಯ ಪಕ್ಕದಲ್ಲಿಯೇ ಇರಬೇಕು. ಒಮ್ಮೆ ಕೊಟ್ಟ ಹೆಸರನ್ನು ಕೈಪಿಡಿಯನ್ನು ಬರೆದವರು ಕಾಪಾಡಿಕೊಂಡು ಬರಬೇಕು. ಈ ಮೂರರಲ್ಲಿ ಮೊದಲನೆಯದು ಈಗ ಬಹುಮಟ್ಟಿಗೆ ಯಂತ್ರದಿಂದಲೇ ನೆರವೇರುತ್ತಿದೆ, ಎರಡನೆಯದು ಅಲ್ಲಲ್ಲಿ ನೆರವೇರುತ್ತಿದೆ. ಮೂರನೆಯದನ್ನು ಒಂದು ಕರ್ತವ್ಯವೆಂದು ಭಾವಿಸುವವರು ಬಹಳ ವಿರಳ. ಈ ಲೇಖನದ ಮುಖ್ಯ ಪ್ರತಿಪಾದನೆ ಆ ಮೂರನೆಯದನ್ನು ಕುರಿತದ್ದು.

ಗ್ರಂಥದ ಒಳಗಿನ ಸ್ಥಳವನ್ನು ಕರಾರುವಾಕ್ಕಾಗಿ ನಿರ್ದೇಶಿಸುವ ಅಪೇಕ್ಷೆ ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ಪಾಣಿನಿಯ ಅಷ್ಟಾಧ್ಯಾಯಿಯ ಯಾವ ಸೂತ್ರವನ್ನೇ ಆಗಲಿ ಅಧ್ಯಾಯ, ಪಾದ, ಸೂತ್ರ ಎಂಬ ಮೂರು ಅಂಕೆಗಳಿಂದ ಗುರುತಿಸಬಹುದು. ಎಂಟು ಅಧ್ಯಾಯಗಳು, ಅಧ್ಯಾಯಕ್ಕೆ ನಾಲ್ಕು ಪಾದಗಳು ಎಂಬ ಆ ವಿಭಾಗಕ್ರಮ ಕದಲದೆ ನಿಂತಿರುವುದರಿಂದ, ಒಬ್ಬ ವ್ಯಾಖ್ಯಾನಕಾರನ ಮಾತಿಗೆ ಮತ್ತೊಬ್ಬನು ಉತ್ತರ ಕೊಡುವುದು, ಆ ಉತ್ತರವನ್ನು ಮೂರನೆಯವನು ಪರೀಕ್ಷಿಸುವುದು ಇಂದಿಗೂ ಸುಲಭವಾಗಿದೆ. ಪ್ಲೇಟೋವಿನ ಸಂವಾದಗಳನ್ನು ಉಲ್ಲೇಖಿಸುವ ವಿದ್ವಾಂಸರು, ತಮ್ಮ ಕೈಯಲ್ಲಿರುವ ಪುಸ್ತಕ ಯಾವ ಭಾಷೆಯ ಅನುವಾದವೇ ಆಗಿರಲಿ, 1578ರಲ್ಲಿ ಹೆನ್ರಿ ಎಸ್ತಿಯೆನ್ ಎಂಬ ಮುದ್ರಕ ಹೊರತಂದ ಆವೃತ್ತಿಯ ಪುಟಸಂಖ್ಯೆಯನ್ನೂ ಅದರೊಳಗಿನ ಅಕ್ಷರವಿಭಾಗವನ್ನೂ ಸೂಚಿಸುತ್ತಾರೆ. ಪುಟ ಒಡೆಯುವ ಕ್ರಮ ಬದಲಾಯಿತು, ಅಚ್ಚಿನ ಗಾತ್ರ ಬದಲಾಯಿತು, ಗ್ರಂಥದ ಭಾಷೆಯೂ ಬದಲಾಯಿತು. ವಿಳಾಸ ಮಾತ್ರ ಬದಲಾಗಲಿಲ್ಲ. ಒಂದು ಪಠ್ಯದ ಸುತ್ತ ಚರ್ಚೆಯ ಪರಂಪರೆ ಬೆಳೆಯಬೇಕಾದರೆ, ಚರ್ಚೆಗೆ ಬಂದ ಸ್ಥಳ ಯಾವುದೆಂಬ ವಿಷಯದಲ್ಲಿ ವಾದಿಗೂ ಪ್ರತಿವಾದಿಗೂ ಮೊದಲು ಒಮ್ಮತವಿರಬೇಕಷ್ಟೆ.

ಜಾಲದ ನಿರ್ಮಾಪಕರು ಈ ಅಗತ್ಯವನ್ನು ಪ್ರಾರಂಭದಲ್ಲಿಯೇ ಮನಗಂಡಿದ್ದರು. ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ವ್ಯವಸ್ಥೆಯಲ್ಲಿಯೇ ಪುಟದ ನಡುವಿನ ಒಂದು ಸ್ಥಳಕ್ಕೆ ಹೆಸರಿಡುವ ಅವಕಾಶವಿತ್ತು. ಪುಟದ ವಿಳಾಸದ ಕೊನೆಗೆ ಹ್ಯಾಷ್ ಚಿಹ್ನೆಯನ್ನು ಹಾಕಿ ಅದರ ಮುಂದೆ ಆ ಹೆಸರನ್ನು ಬರೆದರೆ, ಬ್ರೌಸರ್ ನೇರವಾಗಿ ಆ ಸ್ಥಳವನ್ನೇ ತಂದು ತೋರಿಸುತ್ತದೆ. ಮೊದಮೊದಲು ಹಾಗೆ ಹೆಸರಿಡುವುದಕ್ಕೆ ಲೇಖಕನು ಬೇಕಾದ ಜಾಗದಲ್ಲೆಲ್ಲ ಪ್ರತ್ಯೇಕವಾದ ಒಂದು ಟ್ಯಾಗನ್ನು ನೆಡಬೇಕಾಗಿತ್ತು. ಎಚ್‌ಟಿಎಂಎಲ್ ಭಾಷೆಯ ನಾಲ್ಕನೆಯ ಆವೃತ್ತಿಯ ಕಾಲಕ್ಕೆ ಶೀರ್ಷಿಕೆಗೇ ನೇರವಾಗಿ ಐಡಿ ಎಂಬ ಹೆಸರನ್ನು ಅಂಟಿಸುವುದು ಸಾಧ್ಯವಾಯಿತು. ಹಾಗೆಂದ ಮಾತ್ರಕ್ಕೆ ಓದುಗನಿಗೆ ಉಪಕಾರವಾಯಿತೆಂದು ಹೇಳಲಾಗದು. ಹೆಸರು ಇದ್ದರೂ ಅದು ಪುಟದ ಮೂಲಸಂಕೇತದೊಳಗೆ ಅಡಗಿರುತ್ತಿತ್ತು. ಅದನ್ನು ಹೊರತೆಗೆಯಬೇಕಾದರೆ ಬ್ರೌಸರಿನಲ್ಲಿ ಆ ಮೂಲವನ್ನು ತೆರೆದು, ಶೀರ್ಷಿಕೆಯನ್ನು ಹುಡುಕಿ, ಐಡಿಯನ್ನು ನಕಲು ಮಾಡಿ, ಹ್ಯಾಷ್ ಚಿಹ್ನೆಯೊಡನೆ ವಿಳಾಸಕ್ಕೆ ಕೈಯಾರೆ ಜೋಡಿಸಬೇಕು. ಇದು ಬಲ್ಲವನ ಕೆಲಸ. ಕೈಪಿಡಿಯಾದರೋ ಇನ್ನೂ ಕಲಿಯುತ್ತಿರುವವನಿಗಾಗಿ ಬರೆದದ್ದು.

ಈ ಮರೆಯನ್ನು ಸರಿಸಿದ್ದು ಶೀರ್ಷಿಕೆಯ ಪಕ್ಕದಲ್ಲಿ ತೋರುವ ಒಂದು ಚಿಕ್ಕ ಚಿಹ್ನೆ. ಪೈಥಾನ್ ಭಾಷೆಯ ಕೈಪಿಡಿಗೆಂದು ಗಿಯೋರ್ಗ್ ಬ್ರಾಂಡ್ಲ್ ಸಿದ್ಧಪಡಿಸಿ 2008ರಲ್ಲಿ ಬಿಡುಗಡೆ ಮಾಡಿದ ಸ್ಫಿಂಕ್ಸ್ ಎಂಬ ಸಾಧನದಿಂದ ತಯಾರಾದ ಪುಟಗಳಲ್ಲಿ, ಶೀರ್ಷಿಕೆಯ ಮೇಲೆ ಮೌಸನ್ನು ತಂದರೆ ಅದರ ಬಲಗಡೆ ಪ್ಯಾರಾ ಚಿಹ್ನೆಯೊಂದು ಮೂಡುತ್ತದೆ. ಅದನ್ನು ಒತ್ತಿದರೆ ಶೀರ್ಷಿಕೆಯ ಪೂರ್ಣ ವಿಳಾಸ ಬ್ರೌಸರಿನ ಮೇಲ್ಪಟ್ಟಿಯಲ್ಲಿ ಸಿದ್ಧವಾಗಿರುತ್ತದೆ. ಮಧ್ಯಯುಗದ ಯೂರೋಪಿನ ಲಿಪಿಕಾರರು ಹೊಸ ವಿಷಯ ಆರಂಭವಾಗುವ ಸ್ಥಳವನ್ನು ಗುರುತಿಸಲು ಹಾಕುತ್ತಿದ್ದುದು ಇದೇ ಚಿಹ್ನೆಯ ಪೂರ್ವರೂಪವನ್ನು. ಬೇರೆ ಕೆಲವು ಕಡೆ ಸರಪಳಿಯ ಚಿತ್ರ, ಕೆಲವು ಕಡೆ ಹ್ಯಾಷ್, ರಸ್ಟ್ ಭಾಷೆಯ ಕೈಪಿಡಿಗಳಲ್ಲಿ ಕಾನೂನಿನ ಗ್ರಂಥಗಳಲ್ಲಿ ಕಾಣುವ ಸೆಕ್ಷನ್ ಚಿಹ್ನೆ. ರೂಪ ಯಾವುದಾದರೂ ಆಗಲಿ, ಅದರ ತಾತ್ಪರ್ಯ ಒಂದೇ: ಈ ಸ್ಥಳವನ್ನು ನೀವು ಉಲ್ಲೇಖಿಸಬಹುದು ಎಂದು ಗ್ರಂಥವೇ ಓದುಗನಿಗೆ ಅನುಮತಿ ಕೊಡುತ್ತಿದೆ.

ಪುಟದ ಚೆಲುವಿಗೆ ಇದರಿಂದ ಕುಂದುಂಟಾಗುತ್ತದೆ, ಶೀರ್ಷಿಕೆ ಶೀರ್ಷಿಕೆಗೂ ಒಂದು ಚಿಹ್ನೆ ಅಂಟಿಕೊಂಡರೆ ಕಣ್ಣಿಗೆ ಕಿರಿಕಿರಿ ಎಂಬ ಆಕ್ಷೇಪವನ್ನು ವಿನ್ಯಾಸಕಾರರು ಎತ್ತುತ್ತಾರೆ. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದಕ್ಕೆ ಅವರು ಕಂಡುಕೊಂಡ ಪರಿಹಾರ, ಎಂದರೆ ಮೌಸು ಹತ್ತಿರ ಬಂದಾಗ ಮಾತ್ರ ಚಿಹ್ನೆಯನ್ನು ತೋರಿಸುವುದು, ಮೌಸುಳ್ಳವರಿಗೆ ಮಾತ್ರ ಪರಿಹಾರ. ಮೊಬೈಲಿನ ಪರದೆಯಲ್ಲಿ ಬೆರಳು ಸುಳಿದಾಡುವುದಿಲ್ಲ, ಒತ್ತುತ್ತದೆ ಅಷ್ಟೆ. ಅಲ್ಲಿ ಓದುವವನಿಗೆ ಆ ಚಿಹ್ನೆ ಇದೆಯೆಂಬುದೇ ತಿಳಿಯದು. ಕೀಲಿಮಣೆಯಿಂದಲೇ ಪುಟದಲ್ಲಿ ಸಂಚರಿಸುವವನಿಗೂ ಅದು ಕಾಣಬೇಕಾದರೆ, ಕೀಲಿಯ ಗಮನ ಅದರ ಮೇಲೆ ಬಂದಾಗ ಅದು ಪ್ರಕಟವಾಗುವಂತೆ ಬೇರೆಯಾಗಿ ಏರ್ಪಾಟು ಮಾಡಬೇಕು. ಕಣ್ಣು ಕಾಣದವರ ಸಂಗತಿಯಂತೂ ಇನ್ನೂ ಸೂಕ್ಷ್ಮವಾದದ್ದು. ಅವರ ಸ್ಕ್ರೀನ್ ರೀಡರ್ ಪುಟದ ಶೀರ್ಷಿಕೆಗಳನ್ನೆಲ್ಲ ಪಟ್ಟಿ ಮಾಡಿ ಒಂದೊಂದಾಗಿ ಓದಿ ಹೇಳುತ್ತದೆ. ಕೊಂಡಿಯ ಚಿಹ್ನೆಯನ್ನು ಶೀರ್ಷಿಕೆಯ ಒಳಗೇ ಇಟ್ಟು ಅದಕ್ಕೆ ಸರಿಯಾದ ಹೆಸರು ಕೊಡದೆ ಬಿಟ್ಟರೆ, ಪ್ರತಿ ಶೀರ್ಷಿಕೆಯ ಬಾಲದಲ್ಲಿಯೂ ಅರ್ಥವಿಲ್ಲದ ಒಂದು ಶಬ್ದವನ್ನು ಅವರು ಕೇಳಬೇಕಾಗುತ್ತದೆ. ಚಿಹ್ನೆಯನ್ನು ಶೀರ್ಷಿಕೆಯ ಹೊರಗೆ, ಅದರ ಬೆನ್ನಿಗೇ ಇಟ್ಟು, ಇದು ಇಂಥ ಪ್ರಕರಣದ ಕೊಂಡಿ ಎಂಬ ಹೆಸರನ್ನು ಅದಕ್ಕೆ ಕೊಟ್ಟರೆ ಈ ತೊಂದರೆ ನೀಗುತ್ತದೆ. ಮಸುಕಾದ ಬಣ್ಣದ ಒಂದು ಸಣ್ಣ ಚಿಹ್ನೆ ಸದಾ ಕಾಣುವಂತಿದ್ದರೆ ಯಾರ ರಸಭಾವಕ್ಕೂ ಭಂಗ ಬಾರದೆಂದು ನನ್ನ ದೃಢವಾದ ನಂಬಿಕೆ. ಕೈಪಿಡಿಯ ಸೌಂದರ್ಯ ಅದರ ಉಪಯುಕ್ತತೆಗಿಂತ ಬೇರೆಯಾದದ್ದೇನೂ ಅಲ್ಲ. ಇದೇ ಸಂದರ್ಭದಲ್ಲಿ ಇನ್ನೊಂದು ಸಣ್ಣ ಸಂಗತಿಯನ್ನೂ ಹೇಳಿಬಿಡಬೇಕು. ಎಷ್ಟೋ ತಾಣಗಳಲ್ಲಿ ಪುಟದ ತುದಿಯಲ್ಲಿ ಒಂದು ಪಟ್ಟಿ ಸದಾ ಅಂಟಿಕೊಂಡಿರುತ್ತದೆ. ಕೊಂಡಿ ಹಿಡಿದು ಬಂದಾಗ ಶೀರ್ಷಿಕೆ ಸರಿಯಾಗಿ ಆ ಪಟ್ಟಿಯ ಹಿಂದೆ ಹೋಗಿ ಅವಿತುಕೊಳ್ಳುತ್ತದೆ, ಬಂದವನು ತಾನು ಬೇರೆಲ್ಲಿಗೋ ಬಂದೆನೆಂದು ಭ್ರಮಿಸುತ್ತಾನೆ. ಸ್ಕ್ರೋಲ್ ಮಾರ್ಜಿನ್ ಎಂಬ ಒಂದೇ ಸಾಲಿನ ಸಿಎಸ್‌ಎಸ್ ನಿಯಮದಿಂದ ಇದು ಸರಿಹೋಗುತ್ತದೆ.

ಇನ್ನು ಹೆಸರಿನ ಪ್ರಶ್ನೆ. ಶೀರ್ಷಿಕೆಗೆ ಹೆಸರಿಡುವ ಕೆಲಸವನ್ನು ಲೇಖಕರು ಸಾಮಾನ್ಯವಾಗಿ ಯಂತ್ರಕ್ಕೆ ಒಪ್ಪಿಸಿಬಿಡುತ್ತಾರೆ; ಯಂತ್ರವು ಎರಡು ಬಗೆಯಲ್ಲಿ ಅದನ್ನು ಮಾಡುತ್ತದೆ. ಒಂದು, ಶೀರ್ಷಿಕೆಯು ಪುಟದಲ್ಲಿ ಎಷ್ಟನೆಯದೆಂಬುದನ್ನು ಎಣಿಸಿ ಆ ಎಣಿಕೆಯನ್ನೇ ಹೆಸರಾಗಿಸುವುದು. ಇದು ಕೇವಲ ಅನರ್ಥಕರವಾದದ್ದು: ನಾಳೆ ಮೇಲುಗಡೆ ಹೊಸ ಪ್ರಕರಣವೊಂದು ಸೇರಿದರೆ ಅದರ ಕೆಳಗಿನ ಎಲ್ಲದರ ಹೆಸರೂ ಒಂದೊಂದು ಸ್ಥಾನ ಜಾರಿ, ಹಳೆಯ ಕೊಂಡಿಗಳು ಓದುಗನನ್ನು ತಪ್ಪು ಪ್ರಕರಣಕ್ಕೆ ಕರೆದೊಯ್ಯುತ್ತವೆ, ದಾರಿ ಕಾಣದೆ ನಿಲ್ಲುವುದಕ್ಕಿಂತ ತಪ್ಪು ದಾರಿಯಲ್ಲಿ ನಂಬಿಕೆಯಿಂದ ನಡೆಯುವುದು ಹೆಚ್ಚು ಅಪಾಯ. ಇನ್ನೊಂದು, ಶೀರ್ಷಿಕೆಯ ಮಾತುಗಳನ್ನೇ ತೆಗೆದುಕೊಂಡು, ಖಾಲಿ ಜಾಗಗಳಲ್ಲಿ ಅಡ್ಡಗೆರೆ ಹಾಕಿ, ಅದನ್ನೇ ಹೆಸರೆನ್ನುವುದು. ಇದು ಮೊದಲನೆಯದಕ್ಕಿಂತ ಎಷ್ಟೋ ಮೇಲಾದರೂ ಇದರಲ್ಲಿ ಅಂತರ್ಗತವಾದ ಒಂದು ದೋಷವಿದೆ. ಶೀರ್ಷಿಕೆ ಇರುವುದು ಓದುವುದಕ್ಕೆ, ಹೆಸರು ಇರುವುದು ಕರೆಯುವುದಕ್ಕೆ. ಶೀರ್ಷಿಕೆ ದಿನದಿನಕ್ಕೆ ತಿದ್ದುಪಡಿ ಹೊಂದಿ ಉತ್ತಮವಾಗುತ್ತ ಹೋಗಬೇಕು, ಹೆಸರು ಇದ್ದಂತೆಯೇ ಇರಬೇಕು. ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿದರೆ, ಲೇಖಕನು ಶೀರ್ಷಿಕೆಯಲ್ಲಿನ ಒಂದು ಕಾಗುಣಿತದ ತಪ್ಪನ್ನು ತಿದ್ದಿದಾಗಲೂ ಹಳೆಯ ಕೊಂಡಿಗಳೆಲ್ಲ ಕಡಿದುಹೋಗುತ್ತವೆ. ಅಥವಾ, ವಿವೇಕಿಯಾದ ಲೇಖಕನು ಕೊಂಡಿಗಳು ಕಡಿದಾವೆಂಬ ಭಯದಿಂದ ಕೆಟ್ಟ ಶೀರ್ಷಿಕೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತಾನೆ. ಆದಕಾರಣ ಹೆಸರನ್ನು ಲೇಖಕನೇ ಕೈಯಾರೆ ಇಡತಕ್ಕದ್ದು. ಚಿಕ್ಕದಾಗಿ, ವಿಷಯಕ್ಕೆ ಒಪ್ಪುವಂತೆ, ಶೀರ್ಷಿಕೆಯ ಪದಗಳ ಹಂಗಿಲ್ಲದಂತೆ.

ಇದು ಅಸಾಧ್ಯವಾದ ಶ್ರಮವೆನ್ನುವವರು ಪೋಸ್ಟ್‌ಗ್ರೆಸ್ ದತ್ತಸಂಚಯದ ಕೈಪಿಡಿಯನ್ನು ನೋಡಬೇಕು. ಅದು ಮುದ್ರಿಸಿದರೆ ಸಾವಿರಾರು ಪುಟಗಳಾಗುವ ಗ್ರಂಥ. ಅದರ ಸೆಟ್ಟಿಂಗುಗಳಿಗೆ ಹಿಂದಿನಿಂದಲೂ ಕೈಯಿಂದ ಇಟ್ಟ ಹೆಸರುಗಳಿದ್ದುವು. ನೆನಪಿನ ಹಂಚಿಕೆಯನ್ನು ನಿಯಂತ್ರಿಸುವ ಶೇರ್ಡ್ ಬಫರ್ಸ್ ಎಂಬ ಸೆಟ್ಟಿಂಗಿನ ವಿವರಣೆ ಬೇಕಾದವನು ಆ ಹೆಸರಿನಿಂದಲೇ ನೇರವಾಗಿ ಅಲ್ಲಿಗೆ ಹೋಗಬಹುದಾಗಿತ್ತು. ಆದರೆ ಎಷ್ಟೋ ಉಪಪ್ರಕರಣಗಳಿಗೆ ಅಂಥ ಹೆಸರೇ ಇರಲಿಲ್ಲ, ಇದ್ದ ಹೆಸರುಗಳೂ ಓದುಗನ ಕಣ್ಣಿಗೆ ಕಾಣುತ್ತಿರಲಿಲ್ಲ. ಸ್ವಯಂಸೇವಕರು ಪ್ರಕರಣಗಳನ್ನು ಒಂದೊಂದಾಗಿ ಹುಡುಕಿ ಹೆಸರು ಕೊಟ್ಟರು. 2023ರಲ್ಲಿ ಹೊರಬಂದ 16ನೆಯ ಆವೃತ್ತಿಯ ಕೈಪಿಡಿಯಿಂದೀಚೆಗೆ ಶೀರ್ಷಿಕೆಯ ಪಕ್ಕದಲ್ಲಿ ಹ್ಯಾಷ್ ಚಿಹ್ನೆ ಮೂಡಿ ಆ ವಿಳಾಸವನ್ನು ಒದಗಿಸುತ್ತದೆ. ಇಂಥ ಕೆಲಸಕ್ಕೆ ಹೊಗಳಿಕೆ ದೊರೆಯುವುದಿಲ್ಲ, ಹೊಸ ಸೌಲಭ್ಯವೆಂದು ಯಾರೂ ಅದನ್ನು ಸಾರುವುದಿಲ್ಲ. ಆದರೆ ಅದರ ಪ್ರಯೋಜನವನ್ನು ಪಡೆಯುವವರು ಲೆಕ್ಕಕ್ಕೆ ಸಿಗದಷ್ಟು ಮಂದಿ.

ಹೆಸರನ್ನು ಕಾಪಾಡುವುದು ಏಕೆ ಇಷ್ಟು ಗಂಭೀರವಾದ ಕರ್ತವ್ಯ ಎಂಬುದನ್ನು ತಿಳಿಯಬೇಕಾದರೆ ಕೊಂಡಿ ಕಡಿದಾಗ ಏನಾಗುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಡೀ ಪುಟವೇ ಇಲ್ಲವಾದರೆ ಸರ್ವರ್ 404 ಎಂಬ ಸಂಖ್ಯೆಯೊಡನೆ ಇಂಥ ಪುಟವಿಲ್ಲ ಎಂದು ಉತ್ತರಿಸುತ್ತದೆ. ಬಂದವನಿಗೆ ನಿರಾಶೆಯಾದರೂ ಸತ್ಯ ತಿಳಿಯುತ್ತದೆ, ತಾಣದ ಒಡೆಯನ ದಾಖಲೆಯಲ್ಲಿಯೂ ಆ ವೈಫಲ್ಯ ಬರಹಕ್ಕೆ ಬಂದಿರುತ್ತದೆ, ಮನಸ್ಸಿದ್ದರೆ ಅವನು ಅದನ್ನು ಸರಿಪಡಿಸಬಹುದು. ಶೀರ್ಷಿಕೆಯ ಕೊಂಡಿ ಕಡಿದಾಗ ಇದಾವುದೂ ನಡೆಯುವುದಿಲ್ಲ. ಜಾಲವಿಳಾಸಗಳ ಸ್ವರೂಪವನ್ನು ನಿರ್ಣಯಿಸಿ 2005ರ ಜನವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 3986ರ ಪ್ರಕಾರ, ಹ್ಯಾಷ್ ಚಿಹ್ನೆಯ ಮುಂದಿನ ಭಾಗವನ್ನು ಬ್ರೌಸರ್ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ, ಸರ್ವರಿಗೆ ಕಳುಹಿಸುವುದೇ ಇಲ್ಲ. ಪುಟ ಇದೆ, ಪುಟ ಬಂತು. ಹೆಸರಿಟ್ಟ ಸ್ಥಳ ಮಾತ್ರ ಅದರೊಳಗಿಲ್ಲ. ಬ್ರೌಸರ್ ಒಂದು ಮಾತನ್ನೂ ಆಡದೆ ಓದುಗನನ್ನು ಪುಟದ ತುದಿಯಲ್ಲಿ ನಿಲ್ಲಿಸಿ ಸುಮ್ಮನಾಗುತ್ತದೆ. ಕೊಂಡಿ ಕಳುಹಿಸಿದವನು ಉದ್ದೇಶಿಸಿದ್ದು ಈ ಇಡೀ ಪುಟವನ್ನೋ ಅದರ ಒಂದು ಮೂಲೆಯನ್ನೋ ಎಂಬುದು ಬಂದವನಿಗೆ ತಿಳಿಯದು. ತನ್ನ ತಾಣದಲ್ಲಿ ದಿನವೂ ಎಷ್ಟು ಜನ ಹೀಗೆ ಬಾಗಿಲಲ್ಲಿಯೇ ನಿಂತು ಹಿಂದಿರುಗುತ್ತಿದ್ದಾರೆಂಬುದು ಒಡೆಯನಿಗೂ ತಿಳಿಯದು. ದೂರೇ ಹುಟ್ಟದ ಅಪರಾಧ ಇದು. ಹೊರಗಿನ ಶಿಕ್ಷೆಯ ಭಯವಿಲ್ಲದ ಕಡೆ ಒಳಗಿನ ಧರ್ಮಬುದ್ಧಿಯೊಂದೇ ಕಾವಲಿರಬೇಕಾಗುತ್ತದೆ. ವಿಳಾಸಗಳನ್ನು ಬದಲಾಯಿಸಬಾರದೆಂದು ವಾದಿಸಿ ಬರ್ನರ್ಸ್-ಲೀಯವರು 1998ರಲ್ಲಿ ಒಂದು ಪುಟ್ಟ ಪ್ರಬಂಧವನ್ನೇ ಬರೆದರು. ಪುಟಗಳ ವಿಷಯದಲ್ಲಿ ಅದನ್ನು ಒಪ್ಪುವವರೂ ಪುಟದೊಳಗಿನ ಸ್ಥಳಗಳ ವಿಷಯದಲ್ಲಿ ಅದನ್ನು ಮರೆಯುತ್ತಾರೆ.

ಹೆಸರು ಬದಲಾಯಿಸಲೇಬೇಕಾದ ಪ್ರಸಂಗಗಳೂ ಬರುತ್ತವೆ. ಆಗ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ನಮ್ಮ ಶಾಸನಶಾಸ್ತ್ರದಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಸಂಖ್ಯೆ ಕೊಟ್ಟು ಪ್ರಕಟಿಸಿದರು. ವಿದ್ವಾಂಸರ ಲೇಖನಗಳಲ್ಲೆಲ್ಲ ಆ ಸಂಖ್ಯೆಗಳೇ ರೂಢಿಯಾದುವು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕೃತ ಸಂಪುಟವನ್ನು ಹೊರತಂದಾಗ ಶಾಸನಗಳು 500ಕ್ಕೆ ಏರಿದ್ದುವು. ಅವು ಇರುವ ಸ್ಥಳಗಳಿಗೆ ಅನುಗುಣವಾಗಿ ಕ್ರಮವನ್ನು ಹೊಸದಾಗಿ ಹಾಕುವುದು ಅನಿವಾರ್ಯವಾಗಿತ್ತು. ಆದರೆ ಅವರು ಹಳೆಯ ಸಂಖ್ಯೆಯನ್ನು ತೊಡೆದುಹಾಕಲಿಲ್ಲ. ಹೊಸ ಸಂಖ್ಯೆಯ ಮಗ್ಗುಲಲ್ಲಿಯೇ ಅದನ್ನು ಆವರಣದೊಳಗೆ ಕೊಟ್ಟರು. ಆದ್ದರಿಂದ ಇಂದು ಯಾವನಾದರೂ ವಿದ್ಯಾರ್ಥಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಒಂದು ಲೇಖನದಲ್ಲಿ ಬರಿಯ ಸಂಖ್ಯೆಯೊಂದನ್ನು ಕಂಡರೂ ಆ ಶಾಸನವನ್ನು ತಲುಪಬಲ್ಲನು. ಜಾಲದ ಕೈಪಿಡಿಯಲ್ಲಿ ಈ ಕ್ರಮವನ್ನು ಅನುಸರಿಸುವುದು ಇನ್ನೂ ಸುಲಭ. ಶೀರ್ಷಿಕೆಗೆ ಹೊಸ ಹೆಸರನ್ನು ಕೊಟ್ಟು, ಅದರ ಹಿಂದೆಯೇ ಹಳೆಯ ಹೆಸರಿನ ಒಂದು ಖಾಲಿ ಗುರುತನ್ನು ಉಳಿಸಿದರೆ ಸಾಕು. ಎರಡು ಹೆಸರೂ ಒಂದೇ ಸ್ಥಳಕ್ಕೆ ಕರೆತರುತ್ತವೆ, ಓದುಗನಿಗೆ ಬದಲಾವಣೆಯ ಅರಿವೇ ಆಗುವುದಿಲ್ಲ.

ಈಚೆಗೆ ಹೊಸದೊಂದು ವಾದ ಕೇಳಿಬರುತ್ತಿದೆ. 2020ರಿಂದ ಕ್ರೋಮ್ ಬ್ರೌಸರಿನಲ್ಲಿ, ಅನಂತರ ಬೇರೆಯವುಗಳಲ್ಲಿ, ಪುಟದ ಯಾವುದೇ ವಾಕ್ಯವನ್ನು ಆಯ್ದು ಆ ವಾಕ್ಯದ ಮಾತುಗಳನ್ನೇ ವಿಳಾಸದಲ್ಲಿ ಸೇರಿಸಿ ಕಳುಹಿಸುವ ಅನುಕೂಲ ಬಂದಿದೆ. ಹೀಗಿರುವಾಗ ಶೀರ್ಷಿಕೆಗೆ ಹೆಸರಿಡುವ ಗೊಡವೆ ಏಕೆಂದು ಕೆಲವರು ಕೇಳುತ್ತಾರೆ. ಲೇಖಕನು ಉಪೇಕ್ಷಿಸಿದ ಕಡೆ ಓದುಗನಿಗೆ ಇದು ದೊಡ್ಡ ಆಸರೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನಿಂತಿರುವುದು ವಾಕ್ಯದ ಮಾತುಗಳ ಮೇಲೆ. ತಂತ್ರಾಂಶದ ಕೈಪಿಡಿಯಲ್ಲಿ ಆವೃತ್ತಿಯಿಂದ ಆವೃತ್ತಿಗೆ ಮೊಟ್ಟಮೊದಲು ಬದಲಾಗುವುದು ಆ ಮಾತುಗಳೇ. ಲೇಖಕನು ಕೊಟ್ಟ ಹೆಸರಿನ ಹಿಂದೆ ಒಂದು ಹೊಣೆಯಿದೆ; ಓದುಗನು ಆಯ್ದುಕೊಂಡ ವಾಕ್ಯದ ಹಿಂದೆ ಯಾರ ಹೊಣೆಯೂ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಈ ವಿಷಯದಲ್ಲಿ ಇನ್ನೊಂದು ಹೆಚ್ಚಿನ ಕಷ್ಟವಿದೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವು ಬಹುಕಾಲ ಕನ್ನಡದ ಶೀರ್ಷಿಕೆಗಳ ವಿಳಾಸವನ್ನು ಚುಕ್ಕಿಗಳೂ ಲ್ಯಾಟಿನ್ ಅಕ್ಷರಗಳೂ ಅಂಕೆಗಳೂ ಕಲೆತ ಅರ್ಥರಹಿತವಾದ ಸರಮಾಲೆಯಾಗಿ ಬರೆಯುತ್ತಿತ್ತು. 2017ರಲ್ಲಿ ಅದನ್ನು ತಿದ್ದಿ, ಶೀರ್ಷಿಕೆಯ ಕನ್ನಡದ ಮಾತುಗಳನ್ನೇ ವಿಳಾಸದಲ್ಲಿ ಬರೆಯುವಂತೆ ಮಾಡಿದರು. ಹಾಗೆ ಮಾಡುವಾಗ ಹಳೆಯ ಸರಮಾಲೆಯ ಕೊಂಡಿಗಳೂ ನಡೆಯುವಂತೆ ಉಳಿಸಿಕೊಂಡರೆಂಬುದನ್ನು ವಿಶೇಷವಾಗಿ ಮೆಚ್ಚಬೇಕು. ಕೈಪಿಡಿಗಳನ್ನು ತಯಾರಿಸುವ ಸಾಧನಗಳಲ್ಲಿ ಎಲ್ಲವೂ ಇಷ್ಟು ಸುಧಾರಿಸಿಲ್ಲ. ಬಹಳ ಬಳಕೆಯಲ್ಲಿರುವ ಪೈಥಾನ್-ಮಾರ್ಕ್‌ಡೌನ್ ತನ್ನ ಸಹಜ ಏರ್ಪಾಟಿನಲ್ಲಿ ಲ್ಯಾಟಿನ್ ಅಲ್ಲದ ಅಕ್ಷರಗಳನ್ನೆಲ್ಲ ತೆಗೆದುಹಾಕುತ್ತದೆ. ಕನ್ನಡದ ಶೀರ್ಷಿಕೆಯಲ್ಲಿ ಆಮೇಲೆ ಉಳಿಯುವುದು ಶೂನ್ಯ, ಆದ್ದರಿಂದ ಅಡಿಗೆರೆಯೊಂದು ಅಂಕೆಯೊಂದು ಸೇರಿ ಹೆಸರಾಗುತ್ತದೆ, ಎಂದರೆ ಮೇಲೆ ಹೇಳಿದ ಎಣಿಕೆಯ ಹೆಸರಿನ ಅನರ್ಥವೇ ಮರಳಿ ಬರುತ್ತದೆ. ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಆಯ್ಕೆಯನ್ನು ಹಾಕಿಕೊಂಡರೂ ಪೂರ್ಣ ಪರಿಹಾರವಿಲ್ಲ. ಪೈಥಾನಿನ ಪಠ್ಯಶೋಧನೆಯ ನಿಯಮಗಳು ಕನ್ನಡದ ಮೂಲಾಕ್ಷರಗಳನ್ನು ಅಕ್ಷರಗಳೆಂದು ಒಪ್ಪುತ್ತವೆ, ಗುಣಿತದ ಚಿಹ್ನೆಗಳನ್ನೂ ಅನುಸ್ವಾರವನ್ನೂ ವಿರಾಮವನ್ನೂ ಒಪ್ಪುವುದಿಲ್ಲ. ‘ಅನುಸ್ಥಾಪನೆ’ ಎಂಬ ಶೀರ್ಷಿಕೆ ‘ಅನಸಥಪನ’ ಎಂದಾಗುತ್ತದೆ. ‘ಕಲೆ’, ‘ಕಲಿ’, ‘ಕಾಲ’ ಮೂರೂ ‘ಕಲ’ ಎಂಬ ಒಂದೇ ಹೆಸರಿಗೆ ಬಂದು ಬೀಳುತ್ತವೆ. ಅಕ್ಷರಗಳು ಸರಿಯಾಗಿ ಉಳಿದರೂ, ವಿಳಾಸವನ್ನು ನಕಲು ಮಾಡಿ ಮಿಂಚಂಚೆಯಲ್ಲಿ ಹಾಕಿದಾಗ ಅದು ಅನೇಕ ವೇಳೆ ಪ್ರತಿಶತ ಚಿಹ್ನೆಗಳ ರೂಪಕ್ಕೆ ತಿರುಗುತ್ತದೆ: ‘ಅನುಸ್ಥಾಪನೆ’ ಯೂನಿಕೋಡಿನ ಹತ್ತು ಸಂಕೇತಗಳಿಂದಾದದ್ದು, ಸಂಕೇತವೊಂದಕ್ಕೆ ಮೂರು ಬೈಟು, ಬೈಟೊಂದಕ್ಕೆ ಮೂರು ಚಿಹ್ನೆ; ಒಂದು ಮಾತಿಗೆ 90 ಚಿಹ್ನೆಗಳ ಬಾಲ.

ಈ ದೋಷ ಕನ್ನಡದ ದೋಷವಲ್ಲ, ಸಾಧನಗಳನ್ನು ಮಾಡಿದವರ ಕಣ್ಣಿಗೆ ನಮ್ಮ ಗುಣಿತಾಕ್ಷರಗಳು ಬೀಳದೆ ಹೋದದ್ದರ ಫಲ. ಹಿಂದಿ, ತೆಲುಗು, ತಮಿಳುಗಳಿಗೂ ಇದೇ ಗತಿಯಾಗಿದೆ. ಇವುಗಳ ಮೂಲಸಂಕೇತ ಎಲ್ಲರಿಗೂ ತೆರೆದಿದೆ. ಅದನ್ನು ಓದಬಲ್ಲ, ತಿದ್ದಬಲ್ಲ, ಕನ್ನಡವನ್ನೂ ಬಲ್ಲ ತಂತ್ರಜ್ಞರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಅವರು ಗುಣಿತದ ಚಿಹ್ನೆಗಳನ್ನು ಉಳಿಸುವ ತಿದ್ದುಪಡಿಯನ್ನು ಬರೆದು ಆಯಾ ಯೋಜನೆಗಳಿಗೆ ಒಪ್ಪಿಸಬೇಕು. ಅದು ಕೈಗೂಡುವವರೆಗೆ, ಕನ್ನಡದಲ್ಲಿ ಕೈಪಿಡಿ ಬರೆಯುತ್ತಿರುವವರು ಶೀರ್ಷಿಕೆಯ ಹೆಸರನ್ನು ಯಂತ್ರಕ್ಕೆ ಬಿಡದೆ, ಪ್ರತಿಯೊಂದಕ್ಕೂ ಲ್ಯಾಟಿನ್ ಅಕ್ಷರಗಳ ಒಂದು ಚಿಕ್ಕ ಹೆಸರನ್ನು ಶೀರ್ಷಿಕೆಯ ಸಾಲಿನಲ್ಲಿಯೇ ಕೈಯಾರೆ ಬರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ; ಮಾರ್ಕ್‌ಡೌನ್ ಸಾಧನಗಳಲ್ಲಿ ಬಹಳಷ್ಟು ಇದಕ್ಕೆ ಅವಕಾಶ ಕೊಟ್ಟಿವೆ.